ಮಂದ್ರಸ್ವರಕ್ಕೊಂದು ಮನೆ

ಈ ತಿಂಗಳಿನ ವಿಷಯವನ್ನು ಕಂಡು ನಮ್ಮ ಹಿರಿಯ ವಾಚಕರಲ್ಲಿ ಕೆಲವರು ಹುಬ್ಬೇರಿಸಿಯಾರು. ಮಕ್ಕಳ ಅಕ್ಷರ, ಮನೆಯ ಜಮಾಖರ್ಚು, ಶಿಷ್ಯವೇತನದ ಅರ್ಜಿ ಮುಂತಾದವುಗಳನ್ನು ಕುರಿತು ಬರೆಯುತ್ತ ಬಂದವರು ಮೋಟಾರಿನಲ್ಲಿ ಹಾಡು ಕೇಳುವ ಪೆಟ್ಟಿಗೆಯ ವಿಚಾರಕ್ಕೆ ಏಕೆ ಕೈಹಾಕಬೇಕೆಂದು ಅವರು ಕೇಳಿದರೆ ಅದು ನ್ಯಾಯವೇ. ಆದರೆ ಹೋದ ಕಬ್ಬಿನ ಹಂಗಾಮಿನಿಂದ ಈಚೆಗೆ ನಮ್ಮಲ್ಲಿ ಓದಿ ಹೋದ ಮೂವರು ತರುಣರು ಈ ಒಂದೇ ಪ್ರಶ್ನೆಯನ್ನು ನಮ್ಮೆದುರಿಗೆ ಇಟ್ಟಿದ್ದಾರೆ. ಒಬ್ಬನು ಕೊಲ್ಹಾಪುರದಲ್ಲಿ ನೌಕರಿಯಲ್ಲಿದ್ದು ಹೊಸದಾಗಿ ಸಣ್ಣ ಕಾರು ಕೊಂಡವನು. ಇನ್ನೊಬ್ಬನು ಇಚಲಕರಂಜಿಯ ಮಗ್ಗದ ಮನೆಯವನು. ಮೂರನೆಯವನು ಗಡಹಿಂಗ್ಲಜ ತಾಲ್ಲೂಕಿನಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಒಡೆಯನು. ಮೂವರೂ ದುಡಿದ ಹಣವನ್ನೇ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಮೂವರ ಮನೆಯಲ್ಲಿಯೂ ಆ ಹಣಕ್ಕೆ ಬೇರೆ ಹತ್ತು ಬಾಯಿಗಳಿವೆ. ಪಾಠ ಹೇಳಿದವರಿಗೆ ಲೆಕ್ಕ ಹೇಳುವ ಹೊಣೆಯೂ ಇರುತ್ತದೆ.

ಟ್ರ್ಯಾಕ್ಟರಿನವನು ಕೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇವೆ: "ಗುರುಗಳ, ಅಂಗಡ್ಯಾವ ಹನ್ನೆರಡು ಇಂಚಿನ್ವು ಎರಡು ವೂಫರ್ ಹಾಕ್ಸು ಅಂತಾನ್ರಿ. ಡಬ್ಬಿ ಯಾವದು ಮಾಡಸೂದು? ದೊಡ್ಡದು ಮಾಡಿಸಿದ್ರ ಆವಾಜೂ ದೊಡ್ಡದು ಬರತೈತಿ, ಹೌದಲ್ರಿ?"

ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಅಂಗಡಿಯಲ್ಲಿ ಮಾತೆಲ್ಲ ವ್ಯಾಟಿನ ಸುತ್ತಲೇ ತಿರುಗುತ್ತದೆ. ಪೆಟ್ಟಿಗೆಯೆಂದರೆ ಸ್ಪೀಕರನ್ನು ಕೂಡಿಸಲು ಬೇಕಾದ ಒಂದು ಹಲಗೆಯ ಡಬ್ಬಿ ಎಂಬ ಭಾವನೆ. ವಾಸ್ತವವಾಗಿ ತಗ್ಗು ಧ್ವನಿಯ ವಿಷಯದಲ್ಲಿ ಅರ್ಧ ವಾದ್ಯ ಸ್ಪೀಕರು, ಉಳಿದರ್ಧ ಪೆಟ್ಟಿಗೆ. ಅದೇ ಸ್ಪೀಕರು ಒಂದು ಪೆಟ್ಟಿಗೆಯಲ್ಲಿ ಹಾಡುತ್ತದೆ, ಇನ್ನೊಂದರಲ್ಲಿ ಒದರುತ್ತದೆ, ಮೂರನೆಯದರಲ್ಲಿ ಹರಿದುಹೋಗುತ್ತದೆ.

ಪೆಟ್ಟಿಗೆ ಏತಕ್ಕೆ ಬೇಕು ಎಂಬುದನ್ನು ನಾವು ಶಾಲೆಯಲ್ಲಿ ಹೀಗೆ ತೋರಿಸುವುದುಂಟು. ಹಳೆಯ ರೇಡಿಯೋದಿಂದ ಬಿಚ್ಚಿದ ಸ್ಪೀಕರನ್ನು ಮೇಜಿನ ಮೇಲೆ ಬರಿದಾಗಿ ಇಟ್ಟು ನುಡಿಸಿದರೆ ನೊಣದ ಗುಂಯ್ಗುಡುವಿಕೆಯಂತಹ ಸಣ್ಣ ದನಿ ಬರುತ್ತದೆ. ದೊಡ್ಡದೊಂದು ರಟ್ಟಿನಲ್ಲಿ ಸ್ಪೀಕರಿನಷ್ಟೇ ತೂತು ಕೊರೆದು, ಅದರ ಹಿಂದೆ ಅದನ್ನು ಒತ್ತಿ ಹಿಡಿದರೆ ಅದೇ ದನಿಗೆ ಮೈ ತುಂಬುತ್ತದೆ. ಮಕ್ಕಳು ಪ್ರತಿಸಲವೂ "ಓ" ಎನ್ನುತ್ತಾರೆ. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ಸಡಿಲಾಗುತ್ತದೆ. ಮರೆ ಇಲ್ಲದಿದ್ದರೆ ಒತ್ತಿದ ಗಾಳಿಯು ಅಂಚನ್ನು ಸುತ್ತಿ ಸಡಿಲಾದ ಕಡೆಗೆ ನುಗ್ಗಿ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಏರುಧ್ವನಿಯ ಅಲೆಗಳು ಗಿಡ್ಡವಾದುದರಿಂದ ಅವಕ್ಕೆ ಈ ಹಾನಿ ಕಡಿಮೆ. ತಗ್ಗು ಧ್ವನಿಯ ಅಲೆಯಾದರೋ ಬಹು ಉದ್ದ. ಸೆಕೆಂಡಿಗೆ 40 ಕಂಪನಗಳುಳ್ಳ, ಅಂದರೆ 40 ಹರ್ಟ್ಝ್‌ನ ಧ್ವನಿಯ ಒಂದು ಅಲೆ ಸುಮಾರು 8.6 ಮೀಟರು, ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಅದು ಪೂರ್ತಿ ಕಾಲು ಚಾಚಲಾರದು. ಇಂತಹ ಅಲೆಯ ಹಿಂಬದಿಯನ್ನು ಏನು ಮಾಡಬೇಕು ಎಂಬುದೇ ಪೆಟ್ಟಿಗೆಯ ಶಾಸ್ತ್ರವೆಲ್ಲ. ಅದನ್ನು ಒಳಗೇ ಕೂಡಿಹಾಕಬಹುದು. ಇಲ್ಲವೆ ತಿದ್ದಿ, ಸಮಯ ನೋಡಿ ಹೊರಗೆ ಬಿಡಬಹುದು.

ಕೂಡಿಹಾಕುವುದೇ ಮುಚ್ಚಿದ ಪೆಟ್ಟಿಗೆ. ತಬಲಾ ಜೋಡಿಯ ಎಡಗೈ ಡಗ್ಗಾವನ್ನು ನೆನೆಯಿರಿ. ಕೆಳಗೆ ಎಲ್ಲಿಯೂ ತೆರವಿಲ್ಲ. ಚರ್ಮವನ್ನು ಅದುಮಿದರೆ ಒಳಗಿನ ಗಾಳಿಯೂ ಅದನ್ನು ತಿರುಗಿ ನೂಕುತ್ತದೆ. ಮುಚ್ಚಿದ ಪೆಟ್ಟಿಗೆಯ ಗಾಳಿಯೂ ಹಾಗೆಯೇ ಸ್ಪೀಕರಿನ ಬೆನ್ನಿಗೆ ಸ್ಪ್ರಿಂಗಿನಂತೆ ನಿಲ್ಲುತ್ತದೆ. ಈ ಗುಣವನ್ನು ಮೊದಲು ಸರಿಯಾಗಿ ದುಡಿಸಿಕೊಂಡವರು ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಪುನರುತ್ಪಾದನೆಯನ್ನು ಕುರಿತು ಪಾಠ ಹೇಳುತ್ತಿದ್ದ ಮೇಷ್ಟ್ರು. (ನಮ್ಮ ವೃತ್ತಿಯವರೆಂದು ಹೇಳಿಕೊಳ್ಳಲು ನಮಗೆ ಸಂತೋಷವಾಗುತ್ತದೆ.) ಅಲ್ಲಿಯವರೆಗೆ ತಗ್ಗು ಧ್ವನಿ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬ ನಂಬಿಕೆ ಇತ್ತು. 1954ರಲ್ಲಿ ಅವರು ಸ್ಪೀಕರಿನ ಅಂಚನ್ನು ಬೇಕೆಂದೇ ಸಡಿಲು ಮಾಡಿ, ಬಿಗಿಯ ಕೆಲಸವನ್ನು ಪೆಟ್ಟಿಗೆಯ ಗಾಳಿಗೆ ಒಪ್ಪಿಸಿದರು. ಪುಸ್ತಕದ ಕಪಾಟಿನಲ್ಲಿ ಕೂಡುವಷ್ಟು ಸಣ್ಣ ಪೆಟ್ಟಿಗೆಯಿಂದ ಮಂದ್ರಸ್ವರ ಹೊರಟಿತು. ಇಂದು ಕಾರಿನ ಡಿಕ್ಕಿಯಲ್ಲಿ ಕೂಡುವ ಪ್ರತಿಯೊಂದು ಮುಚ್ಚಿದ ಪೆಟ್ಟಿಗೆಯೂ ಆ ಮೇಷ್ಟ್ರ ಋಣದಲ್ಲಿದೆ.

ಸಮಯ ನೋಡಿ ಹೊರಗೆ ಬಿಡುವುದು ಕೊಳವೆಯ ಪೆಟ್ಟಿಗೆ. ಇದನ್ನು ತಿಳಿಯಲು ಡಗ್ಗಾ ಸಾಲದು, ನೀರಿನ ಕೊಡ ಬೇಕು. ಬರಿದಾದ ಕೊಡದ ಬಾಯಿಯ ಮೇಲೆ ಓರೆಯಾಗಿ ಊದಿದರೆ "ಭೂಂ" ಎಂಬ ಒಂದೇ ಸ್ವರ ಬರುತ್ತದೆ. ಅರ್ಧ ನೀರು ತುಂಬಿ ಊದಿದರೆ ಸ್ವರ ಏರುತ್ತದೆ. ಕೊರಳಿನಲ್ಲಿರುವ ಗಾಳಿ ಒಂದು ಗುಂಡಿನಂತೆ, ಹೊಟ್ಟೆಯಲ್ಲಿರುವ ಗಾಳಿ ಒಂದು ಸ್ಪ್ರಿಂಗಿನಂತೆ ಕೂಡಿ ತೂಗುವುದರಿಂದ ಹುಟ್ಟುವ ಸ್ವರ ಅದು. ಹೊಟ್ಟೆ ಹಿರಿದಾದಷ್ಟೂ, ಕೊರಳು ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಕೊರಳು ಅಗಲವಾದರೆ ಏರುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವೈದ್ಯರೂ ವಿಜ್ಞಾನಿಯೂ ಆದ ಮಹನೀಯರು ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥ್ಯುರಾಸ್ ಅವರು ಅದನ್ನು ಸ್ಪೀಕರಿನ ಪೆಟ್ಟಿಗೆಗೆ ಅಳವಡಿಸಿ 1932ರಲ್ಲಿ ಪೇಟೆಂಟು ಪಡೆದರು. ಪೆಟ್ಟಿಗೆಗೆ ಒಂದು ಕೊಳವೆ ಸೇರಿಸಿದರೆ, ಆ ಕೊಡದ ಸ್ವರದ ಆಸುಪಾಸಿನಲ್ಲಿ ಹಿಂಬದಿಯ ಅಲೆಯು ಮಗುಚಿಕೊಂಡು ಮುಂಬದಿಯ ಅಲೆಗೆ ಹೆಗಲು ಕೊಡುತ್ತದೆ. ಅಷ್ಟೇ ವ್ಯಾಟಿಗೆ ಹೆಚ್ಚು ಧ್ವನಿ ದೊರೆಯುತ್ತದೆ.

ಇಷ್ಟಕ್ಕೇ ಕೊಳವೆಯ ಪೆಟ್ಟಿಗೆ ಗೆದ್ದಿತೆಂದು ತಿಳಿಯಬಾರದು. ಕೊಡದ ಸ್ವರಕ್ಕಿಂತ ಕೆಳಗಿನ ಧ್ವನಿ ಬಂದಾಗ ಕೊಳವೆಯ ಗಾಳಿ ಹೆಗಲು ಕೊಡುವುದನ್ನು ಬಿಟ್ಟು ಎದುರು ನಿಲ್ಲುತ್ತದೆ. ಸ್ಪೀಕರಿನ ಬೆನ್ನಿಗಿದ್ದ ಸ್ಪ್ರಿಂಗು ಮಾಯವಾಗಿ ಶಂಕು ಹಿಡಿತವಿಲ್ಲದೆ ಹಾರಾಡುತ್ತದೆ. ಧ್ವನಿಯೂ ಕಡಿದಾಗಿ ಇಳಿದುಹೋಗುತ್ತದೆ: ಮುಚ್ಚಿದ ಪೆಟ್ಟಿಗೆಯಲ್ಲಿ ಕಂಪನಸಂಖ್ಯೆ ಅರ್ಧಕ್ಕಿಳಿದಾಗ 12 ಡೆಸಿಬೆಲ್ ಕಡಿಮೆಯಾದರೆ, ಕೊಳವೆಯದರಲ್ಲಿ 24 ಡೆಸಿಬೆಲ್. ಆದುದರಿಂದ ಕೊಳವೆಯ ಪೆಟ್ಟಿಗೆ ಹಾಕಿಸುವವರು ಅತಿತಗ್ಗಿನ ಧ್ವನಿಯನ್ನು ತಡೆಯುವ ಸೋಸುಗುಂಡಿ, ಅಂದರೆ ಸಬ್‌ಸಾನಿಕ್ ಫಿಲ್ಟರ್, ಉಳ್ಳ ಆಂಪ್ಲಿಫೈಯರನ್ನೇ ಕೊಳ್ಳಬೇಕು. ನಮ್ಮ ಕಡೆ ಹರಿದ ವೂಫರುಗಳನ್ನು ದುರಸ್ತಿಗೆ ತಂದಿಟ್ಟ ಅಂಗಡಿಗೆ ಹೋಗಿ ಕೇಳಿರಿ. ಅವುಗಳಲ್ಲಿ ಬಹಳಷ್ಟು ಅಳತೆಯಿಲ್ಲದೆ ಕೊರೆದ ಕೊಳವೆಯ ಪೆಟ್ಟಿಗೆಯಿಂದಲೇ ಬಂದವು.

ಅಳತೆ ಎಂದೊಡನೆ ಬಡಿಗೇರನ ಮಾತು ಬರುತ್ತದೆ. ಕೊಲ್ಹಾಪುರದ ಪೇಟೆಯಲ್ಲಾಗಲಿ ಗಡಹಿಂಗ್ಲಜದಲ್ಲಾಗಲಿ ಪೆಟ್ಟಿಗೆಯನ್ನು ಹೊರಗಿನಿಂದ ಅಳೆಯುವುದೇ ರೂಢಿ. 45 ಸೆಂಟಿಮೀಟರು ಉದ್ದ, 40 ಅಗಲ, 35 ಎತ್ತರದ ಪೆಟ್ಟಿಗೆ 63 ಲೀಟರು ಎಂದು ಲೆಕ್ಕ ಬರೆದುಕೊಡುತ್ತಾರೆ. 18 ಮಿಲಿಮೀಟರಿನ ಹಲಗೆಯನ್ನು ಎರಡೂ ಬದಿಗೆ ಕಳೆದರೆ ಒಳಗೆ ಉಳಿಯುವುದು 41.4, 36.4 ಮತ್ತು 31.4. ಗುಣಿಸಿದರೆ 47 ಲೀಟರು ಮಾತ್ರ! ನಾಲ್ಕರಲ್ಲಿ ಒಂದು ಭಾಗ ಹಲಗೆಯೇ ತಿಂದಿತು. ಅದರಲ್ಲಿ ಸ್ಪೀಕರಿನ ಬೆನ್ನು ಎರಡು ಮೂರು ಲೀಟರು ಆಕ್ರಮಿಸುತ್ತದೆ. ಒಳಗೆ ಆಸರೆಯ ಪಟ್ಟಿ ಬಡಿದಿದ್ದರೆ ಅದೂ ಕಳೆಯಬೇಕು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಮಾಡಬಹುದಾದ ಈ ಲೆಕ್ಕವನ್ನು ಮಾಡದೆ ಸಾವಿರಾರು ರೂಪಾಯಿ ಸುರಿಯುವುದನ್ನು ಕಂಡಾಗ ನಮಗೆ ಗಣಿತದ ತಾಸುಗಳ ಬಗ್ಗೆಯೇ ಚಿಂತೆಯಾಗುತ್ತದೆ.

ಎಷ್ಟು ಲೀಟರು ಬೇಕೆಂಬುದನ್ನು ಹೇಳುವವನು ಅಂಗಡಿಯವನಲ್ಲ, ಬಡಿಗೇರನೂ ಅಲ್ಲ. ಸ್ಪೀಕರಿನೊಡನೆ ಬರುವ ಒಂದು ಹಾಳೆ. ಆಸ್ಟ್ರೇಲಿಯದ ನೆವಿಲ್ ಥೀಲ್ ಅವರು 1961ರಲ್ಲಿಯೂ, ರಿಚರ್ಡ್ ಸ್ಮಾಲ್ ಅವರು ಎಪ್ಪತ್ತರ ದಶಕದ ಆರಂಭದಲ್ಲಿಯೂ ಪ್ರಕಟಿಸಿದ ಬರಹಗಳಿಂದ ಪ್ರತಿಯೊಂದು ಸ್ಪೀಕರಿಗೂ ಒಂದು ಜಾತಕ ಸಿದ್ಧವಾಯಿತು. ಅದರಲ್ಲಿ ನೋಡಬೇಕಾದವು ಮೂರು. ಎಫ್‌ಎಸ್ ಎಂದರೆ ಸ್ಪೀಕರು ತಾನೇ ತಾನಾಗಿ ತೂಗುವ ಸ್ವರ. ವಿಎಎಸ್ ಎಂದರೆ ಅದರ ಅಂಚಿನ ಬಿಗಿಗೆ ಸಮನಾದ ಗಾಳಿಯ ಲೀಟರು. ಕ್ಯುಟಿಎಸ್ ಎಂದರೆ ತೂಗಾಟವನ್ನು ಅದು ಎಷ್ಟು ಬೇಗ ಹಿಡಿದು ನಿಲ್ಲಿಸುತ್ತದೆ ಎಂಬುದರ ಸೂಚಕ. ಸಣ್ಣ ಸಂಖ್ಯೆಯೆಂದರೆ ಬಿಗಿ ಹಿಡಿತ.

ಉದಾಹರಣೆಗಾಗಿ ಹನ್ನೆರಡು ಇಂಚಿನ ಒಂದು ಸ್ಪೀಕರಿನ ಎಫ್‌ಎಸ್ 28, ವಿಎಎಸ್ 70 ಲೀಟರು, ಕ್ಯುಟಿಎಸ್ 0.45 ಎಂದು ಇಟ್ಟುಕೊಳ್ಳೋಣ. ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಸಿದ ಮೇಲೆ ಈ ಕೊನೆಯ ಸಂಖ್ಯೆ 0.7ರ ಸಮೀಪಕ್ಕೆ ಬಂದರೆ ಧ್ವನಿ ಸಮತಟ್ಟಾಗಿರುತ್ತದೆ. 0.7ನ್ನು 0.45ರಿಂದ ಭಾಗಿಸಿ ವರ್ಗ ಮಾಡಿ ಒಂದನ್ನು ಕಳೆಯಿರಿ. ಬಂದುದರಿಂದ 70ನ್ನು ಭಾಗಿಸಿರಿ. ಸುಮಾರು 49 ಲೀಟರು ಬರುತ್ತದೆ. ಮೇಲೆ ಹೇಳಿದ "63 ಲೀಟರಿನ" ಪೆಟ್ಟಿಗೆ ಕಳೆದು ಕೂಡಿ 45 ಲೀಟರಿಗೆ ನಿಂತಿತಲ್ಲವೆ? ಅದು ಈ ಸ್ಪೀಕರಿಗೆ ಹೆಚ್ಚುಕಡಿಮೆ ಹೊಂದಿಯೇ ಹೊಂದುತ್ತದೆ, ಏಕೆಂದರೆ ಮುಚ್ಚಿದ ಪೆಟ್ಟಿಗೆ ನಾಲ್ಕು ಲೀಟರಿನ ತಪ್ಪನ್ನು ಕ್ಷಮಿಸುತ್ತದೆ. ಅದೇ ಸ್ಪೀಕರನ್ನು ಜಾಗ ಉಳಿಸಲೆಂದು 24 ಲೀಟರಿನಲ್ಲಿ ತುರುಕಿದರೆ ಸಂಖ್ಯೆ 0.9ರ ಹತ್ತಿರ ಏರುತ್ತದೆ. ಒಂದು ಉಬ್ಬು ಹುಟ್ಟಿ, ಯಾವ ಹಾಡಾದರೂ ಅದೊಂದೇ "ಢುಂ"ಕಾರ ಕೇಳಿಸತೊಡಗುತ್ತದೆ. ಕೊಳವೆಯದು ಇಷ್ಟು ಕೂಡ ಸೈರಿಸದು. 60 ಲೀಟರಿನ ಪೆಟ್ಟಿಗೆಯನ್ನು 35 ಹರ್ಟ್ಝ್‌ಗೆ ಶ್ರುತಿ ಮಾಡಲು 10 ಸೆಂಟಿಮೀಟರು ವ್ಯಾಸದ ಕೊಳವೆ 25 ಸೆಂಟಿಮೀಟರು ಉದ್ದವಿರಬೇಕು. ಡಿಕ್ಕಿಗೆ ತಾಗುತ್ತದೆಂದು ಅದನ್ನು 12ಕ್ಕೆ ಕೊಯ್ದರೆ ಶ್ರುತಿ 45 ಹರ್ಟ್ಝ್‌ಗೆ ಜಿಗಿಯುತ್ತದೆ. ತಂಬೂರಿಯ ತಂತಿಯನ್ನು ನಾಲ್ಕು ಸ್ವರ ಏರಿಸಿ ಹಾಡಲು ಕೂತಂತೆ!

ತಂಬೂರಿಯ ಮಾತು ಬಂದುದರಿಂದ ಒಂದು ಸಣ್ಣ ಉಪಕಥೆ. ನಮ್ಮ ನೆರೆಯ ಮಿರಜದ ಕಸುಬುದಾರರು ಮಾಡುವ ತಂಬೂರಿ, ಸಿತಾರುಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅವರು ಒಣಗಿದ ಕುಂಬಳದ ಬುರುಡೆಯನ್ನು ಆರಿಸುವಾಗ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಜಾತಕದ ಹಾಳೆಯಿಲ್ಲದೆ ಬುರುಡೆಯನ್ನು ಆರಿಸುವ ಕಿವಿ ಅದು. ಹಲಗೆಯ ಪೆಟ್ಟಿಗೆಯವರಿಗೆ ಅಂತಹ ತಲೆಮಾರುಗಳ ಕಿವಿ ಇಲ್ಲ. ಅದಕ್ಕಾಗಿಯೇ ಹಾಳೆ ಬೇಕು. ತಂಬೂರಿಯ ಬುರುಡೆ ತಾನೂ ನಡುಗಿ ಹಾಡಬೇಕು. ಬೇಸಿನ ಪೆಟ್ಟಿಗೆಯಾದರೋ ಕಲ್ಲಿನಂತೆ ನಿಲ್ಲಬೇಕು. ತೆಳುಹಲಗೆಯ ಪೆಟ್ಟಿಗೆ ತಾನೇ ನಡುಗಿ ಹಾಡಿಗೆ ತನ್ನದೊಂದು ಗೊರಲು ಸೇರಿಸುತ್ತದೆ.

ಇವೆರಡಲ್ಲದೆ ಇನ್ನೂ ಕೆಲವು ಜಾತಿಗಳಿವೆ. ಸ್ಪೀಕರನ್ನು ಒಳಗೋಡೆಯಲ್ಲಿ ಅಡಗಿಸಿ ಕೊಳವೆಯಿಂದ ಮಾತ್ರ ಧ್ವನಿ ಬಿಡುವ ಬ್ಯಾಂಡ್‌ಪಾಸ್ ಪೆಟ್ಟಿಗೆ ಕೆಲವೇ ಸ್ವರಗಳನ್ನು ಎತ್ತಿ ಹಿಡಿಯುತ್ತದೆ. ಕಟ್ಟುವುದು ಕಠಿಣ, ತಪ್ಪಿದರೆ ತಿದ್ದಲು ಬಾರದು. ನಮ್ಮ ಊರುಗಳ ಕಾರಖಾನೆಯಲ್ಲಿ ಅದನ್ನು ಮಾಡಿಸಬೇಡಿರೆಂದೇ ನಾವು ಹೇಳುತ್ತೇವೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಉರುಳೆಯಾಕಾರದ ಬೇಸ್ ಟ್ಯೂಬ್ ಹೆಚ್ಚಾಗಿ ಕೊಳವೆಯ ಪೆಟ್ಟಿಗೆಯೇ. ಸೀಟಿನ ಕೆಳಗೆ ಕೂಡುವ ಚಪ್ಪಟೆ ಪೆಟ್ಟಿಗೆಗಳು ಜಾಗ ಉಳಿಸುತ್ತವೆ, ಆಳಕ್ಕೆ ಇಳಿಯಲಾರವು.

ಇನ್ನು ಸ್ಥಳದ ಮಾತು. ನಮ್ಮ ಮೂವರು ತರುಣರ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರುವುದು ಇಲ್ಲಿಯೇ.

ಬಾಗಿಲು ಕಿಟಕಿ ಮುಚ್ಚಿದ ಕಾರು ತಾನೇ ಒಂದು ಪೆಟ್ಟಿಗೆ. ಅದರ ಉದ್ದಕ್ಕಿಂತ ಅಲೆಯ ಅರ್ಧವೂ ಉದ್ದವಾದಾಗ, ಅಂದರೆ ಸುಮಾರು 60 ಹರ್ಟ್ಝ್‌ಗಿಂತ ಕೆಳಗೆ, ಅಲೆ ಓಡಾಡುವುದನ್ನು ಬಿಟ್ಟು ಒಳಗಿನ ಗಾಳಿಯನ್ನೆಲ್ಲ ಒಟ್ಟಿಗೇ ಒತ್ತುತ್ತ ಸಡಿಲಿಸುತ್ತ ಇರುತ್ತದೆ. ಆಗ ಧ್ವನಿ ಕೆಳಗಿಳಿದಂತೆ ಬಲ ಏರುತ್ತದೆ. ಲೆಕ್ಕದ ಪ್ರಕಾರ ಕಂಪನ ಅರ್ಧಕ್ಕಿಳಿದಾಗ 12 ಡೆಸಿಬೆಲ್, ಬಾಗಿಲಿನ ಸಂದಿಗಳಿಂದಾಗಿ ನಿಜದಲ್ಲಿ ಅದಕ್ಕಿಂತ ತುಸು ಕಡಿಮೆ. ಮುಚ್ಚಿದ ಪೆಟ್ಟಿಗೆ ಕಳೆದುಕೊಳ್ಳುವುದೂ ಅಷ್ಟೇ ಎಂಬುದನ್ನು ವಾಚಕರು ಗಮನಿಸಿರಬಹುದು. ಪೆಟ್ಟಿಗೆ ಕಳೆದುದನ್ನು ಕಾರು ತುಂಬಿಕೊಡುತ್ತದೆ. ಆದುದರಿಂದ ಮನೆಯಲ್ಲಿ ಬಡಕಲಾಗಿ ಕೇಳಿಸುವ ಸಣ್ಣ ಮುಚ್ಚಿದ ಪೆಟ್ಟಿಗೆ ಕಾರಿನಲ್ಲಿ ಗಂಭೀರವಾಗಿ ಕೇಳಿಸುತ್ತದೆ.

ಕೊಲ್ಹಾಪುರದ ತರುಣನಿಗೆ ನಾವು ಹೇಳಿದ್ದು ಇದನ್ನೇ. ಅವನ ಕಾರಿನ ಡಿಕ್ಕಿ ಚಿಕ್ಕದು. ಹಬ್ಬಕ್ಕೆ ಊರಿಗೆ ಬರುವಾಗ ಹೆಂಡತಿ, ಎರಡು ವರ್ಷದ ಮಗು, ತಾಯಿಯ ಗಂಟುಮೂಟೆ ಎಲ್ಲವೂ ಇರುತ್ತವೆ. ಅವನು ಕೇಳುವುದು ನಾಟ್ಯಗೀತ, ಭಜನೆ, ಹಳೆಯ ಸಿನೆಮಾ ಹಾಡು. ಗಂಡಸಿನ ದನಿಯ ಮೂಲಸ್ವರ 85 ಹರ್ಟ್ಝ್‌ಗಿಂತ ಕೆಳಗೆ ಇಳಿಯುವುದೇ ಅಪರೂಪ. ಹತ್ತು ಇಂಚಿನ ಒಂದೇ ಸ್ಪೀಕರು, ಅದರ ಹಾಳೆ ಒಪ್ಪುವುದಾದರೆ 20-25 ಲೀಟರಿನ ಮುಚ್ಚಿದ ಪೆಟ್ಟಿಗೆ, 150 ವ್ಯಾಟು ಅವನಿಗೆ ಸಾಕು. ಅಂತಹ ಕಾರಿನಲ್ಲಿ ಬೇಸಿನ ಪೆಟ್ಟಿಗೆಗೆ ಎಲ್ಲರಿಗಿಂತ ಸಮೀಪ ಇರುವುದು ಓಡಿಸುವವನ ಕಿವಿಯಲ್ಲ, ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿನ ಕಿವಿ. ಧ್ವನಿಯ ಗುಂಡಿಯನ್ನು ಹೊಂದಿಸುವಾಗ ಒಮ್ಮೆ ಹಿಂದಿನ ಸೀಟಿನಲ್ಲಿ ತಾನೇ ಕೂತು ಕೇಳಬೇಕೆಂದು ಅವನಿಗೆ ತಿಳಿಸಿದ್ದೇವೆ.

ಟ್ರ್ಯಾಕ್ಟರಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಕಾರು ತುಂಬಿಕೊಡುವುದನ್ನು ಬಯಲು ತುಂಬಿಕೊಡುವುದಿಲ್ಲ. ಅದೇ ಪೆಟ್ಟಿಗೆ, ಅದೇ ಸ್ಪೀಕರು ಟ್ರ್ಯಾಕ್ಟರಿನ ಮೇಲೆ ಬಂದೊಡನೆ ಸೊರಗುವುದು ಇದರಿಂದಲೇ. ಆಗ ಅಂಗಡಿಯವನು ಇನ್ನೂ ವ್ಯಾಟು ಬೇಕೆನ್ನುತ್ತಾನೆ. 3 ಡೆಸಿಬೆಲ್ ಏರಿಸಲು ಎರಡು ಪಟ್ಟು ವ್ಯಾಟು, 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು. 200 ಇದ್ದದ್ದು 2000 ಆಗಬೇಕು. 12 ವೋಲ್ಟಿನ ಬ್ಯಾಟರಿಯಿಂದ 2000 ವ್ಯಾಟು ಎಳೆಯಲು ನಷ್ಟವನ್ನು ಬಿಟ್ಟರೂ 166 ಆಂಪಿಯರು ಬೇಕು. ಸಾಮಾನ್ಯ ಟ್ರ್ಯಾಕ್ಟರಿನ ಅಲ್ಟರ್ನೇಟರು ಕೊಡುವುದು 40ರ ಆಸುಪಾಸು. ಬೆಳಗಿನ ಜಾವ ಕಾರಖಾನೆಯ ಅಂಗಳದ ಸರದಿಯಲ್ಲಿ ಗಾಡಿ ಚಾಲೂ ಆಗದೆ ನಿಂತಾಗ, ಹಿಂದಿನವರು ಬೈಯುವುದು ಬ್ಯಾಟರಿಯನ್ನಲ್ಲ.

ಇದಕ್ಕಿಂತ ಭಾರಿಯಾದ ಮಾತು ಇನ್ನೊಂದಿದೆ. ಕ್ಯಾಬಿನ್ನಿಲ್ಲದ ಟ್ರ್ಯಾಕ್ಟರಿನ ಎಂಜಿನ್ನೇ ಚಾಲಕನ ಕಿವಿಯ ಹತ್ತಿರ 90 ಡೆಸಿಬೆಲ್‌ನ ಸುತ್ತಮುತ್ತ ಇರುತ್ತದೆ. ಅದನ್ನು ಮೀರಿ ಹಾಡು ಕೇಳಬೇಕೆಂದರೆ 95, 97 ಆಗಲೇಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 1998ರಲ್ಲಿ ಹೇಳಿದ ಲೆಕ್ಕ ಸರಳವಾದುದು: 85 ಡೆಸಿಬೆಲ್ ಆದರೆ ದಿನಕ್ಕೆ 8 ತಾಸು, ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ ಒಂದು, 97ಕ್ಕೆ ಅರ್ಧ ತಾಸು, 100ಕ್ಕೆ ಕಾಲು ತಾಸು. ಹಂಗಾಮಿನಲ್ಲಿ ನಮ್ಮ ಹುಡುಗರು ದಿನಕ್ಕೆ ಹನ್ನೆರಡು ತಾಸು ಆ ಸೀಟಿನ ಮೇಲೆ ಇರುತ್ತಾರೆ. ಹಿಂದೆ ಎರಡು ಟ್ರಾಲಿ ಕಬ್ಬು. ಹಿಂದಿನಿಂದ ಬರುವ ಮೋಟಾರ್ ಸೈಕಲಿನ ಹಾರ್ನು ಅವರಿಗೆ ಕೇಳಿಸುವುದಿಲ್ಲ. ಸಂಕೇಶ್ವರದ ದಾರಿಯಲ್ಲಿ ಮುಸ್ಸಂಜೆಗೆ ಸಂಚರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಗಡಹಿಂಗ್ಲಜದ ಹುಡುಗನಿಗೆ ನಮ್ಮ ಉತ್ತರ: "ತಮ್ಮಾ, ನಿನ್ನ ಗಾಡಿಗೆ ಬೇಸಿನ ಡಬ್ಬಿ ಯಾವುದೂ ಬೇಡ." ಕಿವಿಯ ಹತ್ತಿರ, ಛತ್ರಿಯ ಕೆಳಗೆ, ಐದಾರು ಇಂಚಿನ ಎರಡು ಸಾದಾ ಸ್ಪೀಕರು ಸಣ್ಣ ಮುಚ್ಚಿದ ಡಬ್ಬಿಯಲ್ಲಿ ಕೂಡಿಸಿದರೆ ಮಾತು ಮತ್ತು ಹಾಡು ಸ್ಪಷ್ಟವಾಗಿ ತಿಳಿಯುತ್ತವೆ. ಸಮೀಪದ ಸಣ್ಣ ದನಿ ದೂರದ ದೊಡ್ಡ ದನಿಯ ಕೆಲಸ ಮಾಡುತ್ತದೆ. ಕಾರಖಾನೆಯ ಸರದಿಯಲ್ಲಿ ಎಂಜಿನ್ನು ನಿಲ್ಲಿಸಿದಾಗ ಅದು ಧಾರಾಳವಾಗಿ ಸಾಕು. ಅವನಿಗೆ ಈ ಉತ್ತರ ರುಚಿಸಲಿಲ್ಲವೆಂಬುದು ಮುಖದಿಂದಲೇ ತಿಳಿಯಿತು. ಗೆಳೆಯರ ಟ್ರ್ಯಾಕ್ಟರುಗಳೆಲ್ಲ ಗುಡುಗುವಾಗ ತನ್ನದೊಂದು ಪಿಸುಗುಟ್ಟುವುದೆಂದರೆ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಸಣ್ಣ ತ್ಯಾಗವಲ್ಲ.

ಇಚಲಕರಂಜಿಯ ತರುಣನ ಪ್ರಶ್ನೆ ನಮ್ಮನ್ನು ಹೆಚ್ಚು ಹೊತ್ತು ಕೂಡಿಸಿತು. 1904ರಲ್ಲಿ ಮೊದಲ ಪಾವರಲೂಮ್ ಕಂಡ ಆ ಊರಿನಲ್ಲಿ ಲಾಳಿಯ ಬಡಿತವೇ ಕಾಲಮಾನ. ಲಾಳಿಯ ಮಗ್ಗಗಳ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟಿಯೇ ಇರುತ್ತದೆ. ಕನ್ನಡ ಮಾತನಾಡುವ ನೇಕಾರ ಮನೆಗಳಲ್ಲಿ ಊಟಕ್ಕೆ ಕೂತಾಗ ಹಿರಿಯರು ಕೂಗಿ ಮಾತನಾಡುವುದನ್ನು ಕಂಡು ಹೊಸದಾಗಿ ಬಂದ ಸೊಸೆಯಂದಿರು ಜಗಳವಾಗುತ್ತಿದೆಯೆಂದು ಹೆದರುವುದುಂಟು. ಈ ತರುಣನ ತಂದೆಯವರು ಅಂತಹ ಹಿರಿಯರಲ್ಲಿ ಒಬ್ಬರು. ಮೂವತ್ತು ವರ್ಷ ಮಗ್ಗದೆದುರು ನಿಂತವರಿಗೆ ಈಗ ಮೊಮ್ಮಗಳ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಏಕೆಂದರೆ ಸದ್ದಿನಿಂದ ಮೊದಲು ಸವೆಯುವುದು ಏರುಧ್ವನಿಯನ್ನು ಹಿಡಿಯುವ ಸೂಕ್ಷ್ಮ ಕೋಶಗಳು. ಸವೆದವು ಮತ್ತೆ ಹುಟ್ಟುವುದಿಲ್ಲ.

ಮಗನ ಬಳಿ ಜೀಪಿನಂತಹ ದೊಡ್ಡ ಗಾಡಿಯಿದೆ, ಹಿಂದೆ ಜಾಗವಿದೆ. ಅವನಿಗೆ ಹಲಗಿಯ ಬಡಿತ, ಢೋಲು-ತಾಶೆ, ಡೊಳ್ಳಿನ ಪದ ಇಷ್ಟ. ಶಾಸ್ತ್ರವನ್ನಷ್ಟೇ ಕೇಳಿದರೆ ಅವನಿಗೆ ಒಪ್ಪುವುದು ಕೊಳವೆಯ ಪೆಟ್ಟಿಗೆ: 60 ಲೀಟರು, 35 ಹರ್ಟ್ಝ್, ಉದ್ದ ಕಡಿಯದ ಕೊಳವೆ, ಸೋಸುಗುಂಡಿಯ ಆಂಪ್ಲಿಫೈಯರು. ಕಡಿಮೆ ವ್ಯಾಟಿಗೆ ಹೆಚ್ಚು ಧ್ವನಿ ಬರುವುದರಿಂದ ಬ್ಯಾಟರಿಗೂ ಹಿತ. ಆದರೆ ಅವನೂ ದಿನಕ್ಕೆ ಒಂದು ಪಾಳಿ ಶೆಡ್ಡಿನಲ್ಲಿ ಇರುತ್ತಾನೆ. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ, ಗಾಡಿಯಲ್ಲಿ ಕೂಡುವ ಮೊದಲೇ ಅವನ ಕಿವಿಯ ಆ ದಿನದ ಕಂತು ತೀರಿಹೋಗಿರುತ್ತದೆ. ಪಾಳಿ ಮುಗಿಸಿ ಬಂದ ಕಿವಿ ಅರ್ಧ ಮಂಕಾಗಿರುವುದರಿಂದ ಗುಂಡಿಯನ್ನು ತಾನಾಗಿಯೇ ಮೇಲಕ್ಕೆ ತಿರುಗಿಸುತ್ತದೆ ಕೂಡ.

ಇಲ್ಲಿಯೇ ಸರಿಯಾದ ಪೆಟ್ಟಿಗೆಯ ದೊಡ್ಡ ಉಪಯೋಗ ಕಾಣುವುದು. ಓಡುವ ಗಾಡಿಯ ಗಾಲಿ, ರಸ್ತೆಗಳ ಸದ್ದು ಹೆಚ್ಚಾಗಿ ತಗ್ಗು ಸ್ವರದ್ದು. ಅದು ಹಾಡಿನ ಮಂದ್ರವನ್ನೇ ಮೊದಲು ನುಂಗುತ್ತದೆ. ಮಂದ್ರ ಕೇಳಿಸದಾಗ ಮನುಷ್ಯನು ಇಡೀ ಹಾಡನ್ನು ಏರಿಸುತ್ತಾನೆ, ಜೊತೆಗೆ ಕಿವಿಯನ್ನು ತಿನ್ನುವ ಏರುಧ್ವನಿಯೂ ಏರುತ್ತದೆ. ಅಳತೆಗೆ ಸರಿಯಾದ ಪೆಟ್ಟಿಗೆ ಆ ಕೊರತೆಯನ್ನಷ್ಟೇ ತುಂಬಿ, ಗುಂಡಿಯನ್ನು ಕೆಳಗೆ ಇಳಿಸಲು ಆಸ್ಪದ ಕೊಡುತ್ತದೆ. ಅಳತೆಗೆಟ್ಟ ಪೆಟ್ಟಿಗೆ ಎಷ್ಟು ಏರಿಸಿದರೂ ತೃಪ್ತಿ ಕೊಡದು. ಆದುದರಿಂದ ನಾವು ಅವನಿಗೆ ಕೊಳವೆಯ ಪೆಟ್ಟಿಗೆ ಬೇಡವೆನ್ನಲಿಲ್ಲ. ಶೆಡ್ಡಿನಲ್ಲಿ ಕಿವಿಗೆ ಬೆಣೆ ಇಟ್ಟುಕೊಂಡು ದುಡಿಯುವ ಅಭ್ಯಾಸವನ್ನು ಮೊದಲು ಮಾಡು, ಪೆಟ್ಟಿಗೆಯ ಮಾತು ದೀಪಾವಳಿಗೆ ಆಡೋಣ ಎಂದೆವು. ಬೆಣೆಯ ಬೆಲೆ ಕೆಲವೇ ರೂಪಾಯಿ. ಅವನು ಇನ್ನೂ ನಿರ್ಧರಿಸಿಲ್ಲ.

ನಮ್ಮ ಸೀಮೆಯಲ್ಲಿ ಗಣೇಶೋತ್ಸವದ ಮೆರವಣಿಗೆಯ ದೊಡ್ಡ ಸ್ಪೀಕರುಗಳ ಗೋಡೆಗೆ "ಡಾಲ್ಬಿ" ಎಂಬ ಹೆಸರು ಬಿದ್ದಿದೆ. ಆ ಹೆಸರಿನ ಮೂಲಪುರುಷ ರೇ ಡಾಲ್ಬಿಯವರು 1965ರಲ್ಲಿ ಕಂಪನಿ ತೆರೆದು ಮೊದಲು ಹೆಸರು ಮಾಡಿದ್ದು ಟೇಪಿನ "ಸುಂಯ್" ಎಂಬ ಗದ್ದಲವನ್ನು ಅಡಗಿಸುವ ಉಪಾಯದಿಂದ! 2010ರ ದಶಕದಲ್ಲಿ ಕೊಲ್ಹಾಪುರದಲ್ಲಿ ಡಾಲ್ಬಿಮುಕ್ತ ಉತ್ಸವದ ಕೂಗು ಎದ್ದಾಗ ಈ ಮಾತು ನೆನಪಾಗಿ ನಮಗೆ ನಗು ಬಂದಿತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆದರೆ ಈ ಅಳತೆಗೆ ಬಳಸುವ ಮಾಪಕವು ಕಿವಿಯ ಸ್ವಭಾವವನ್ನು ಅನುಸರಿಸಿ 50 ಹರ್ಟ್ಝ್‌ನ ಧ್ವನಿಯಿಂದ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಮಾಪಕ ಸುಮ್ಮನಿದ್ದರೂ ನೆರೆಮನೆಯ ತಗಡು ನಡುಗುವುದು, ಬಾಣಂತಿಯ ಕೋಣೆಯ ಕಿಟಕಿ ಜುಮ್ಮೆನ್ನುವುದು ಅದರಿಂದಲೇ. ಗಾಡಿಯನ್ನು ಮನೆಯೆದುರು ನಿಲ್ಲಿಸಿ ಪರೀಕ್ಷೆ ಮಾಡುವವರು ಮಾಪಕವನ್ನು ಕೇಳದೆ ನೆರೆಮನೆಯ ಅಜ್ಜಿಯನ್ನು ಕೇಳಬೇಕು.

ಪೆಟ್ಟಿಗೆ ಮಾಡಿಸುವವರಿಗೆ ಇನ್ನೆರಡು ಮಾತು. ಹಲಗೆ 18 ಮಿಲಿಮೀಟರಿಗಿಂತ ತೆಳುವಾಗಬಾರದು. ಮೂಲೆಗಳಿಗೆ ಮೊಳೆ ಮಾತ್ರ ಸಾಲದು, ಅಂಟು ಹಚ್ಚಿ ಸ್ಕ್ರೂ ಬಿಗಿದು, ಒಳಸಂದಿಗೆ ಸಿಲಿಕೋನ್ ತುಂಬಬೇಕು. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಬಳಿಯಲ್ಲಿಯೇ, ಒಂದೂವರೆ ಅಡಿಯೊಳಗೆ, ಫ್ಯೂಜು ಇರಬೇಕು. ಇಲ್ಲದಿದ್ದರೆ ತಂತಿ ಎಲ್ಲಿಯಾದರೂ ತಗಡಿಗೆ ಉಜ್ಜಿದಾಗ ಗಾಡಿಯೇ ಹೊತ್ತಿಕೊಂಡೀತು. ಮುಚ್ಚಿದ ಪೆಟ್ಟಿಗೆ ನಿಜವಾಗಿ ಮುಚ್ಚಿದೆಯೇ ಎಂದು ನೋಡಲು ಒಂದು ಊದುಬತ್ತಿ ಸಾಕು. ಡೊಳ್ಳಿನ ಪದವೊಂದನ್ನು ಸಣ್ಣಗೆ ಹಚ್ಚಿ, ಊದುಬತ್ತಿಯನ್ನು ಮೂಲೆ ಮೂಲೆಗೂ, ತಂತಿ ಹೊರಬರುವ ತೂತಿಗೂ ನಿಧಾನವಾಗಿ ಹಿಡಿಯುತ್ತ ಹೋಗಿರಿ. ಸಂದು ಇದ್ದ ಕಡೆ ಹೊಗೆಯ ಎಳೆ ಡೊಳ್ಳಿನ ಪೆಟ್ಟಿಗೆ ತಕ್ಕಂತೆ ಬಳುಕುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಮರುದಿನ ಬಡಿಗೇರನಿಗೆ ತೋರಿಸಿರಿ.